ಉಗುಳಿಸಿಕೊಂಡವನ ಮೇಲೆ ಕೇಸು

2006ರ ಮಾರ್ಚ್ 25, ಶನಿವಾರ. ಜರ್ಮನಿಯ ಹಾಲೆ ನಗರದಲ್ಲಿ ಒಬ್ಬ ಕಪ್ಪು ಮೈಬಣ್ಣದ ಆಟಗಾರನ ಮೇಲೆ ಜನ ಉಗುಳಿದರು. ಮಂಗನ ಹಾಗೆ ಕೂಗಿದರು. ಚರ್ಮದ ಬಣ್ಣ ಹಿಡಿದು, ಇಲ್ಲಿ ಬರೆಯಲಾಗದ ಮಾತುಗಳಲ್ಲಿ ಬೈದರು. ಪಂದ್ಯ ಮುಗಿದಿತ್ತು, ಅವನು ಮೈದಾನ ಬಿಟ್ಟು ಹೊರಟಿದ್ದ. ಹೊರಟವನು ನಿಂತ. ಎರಡು ಬೆರಳನ್ನು ಮೂಗಿನ ಕೆಳಗೆ ಹಿಟ್ಲರನ ಮೀಸೆಯಂತೆ ಇಟ್ಟುಕೊಂಡು, ಇನ್ನೊಂದು ಕೈಯನ್ನು ಆ ಗುಂಪಿನ ಕಡೆ ಚಾಚಿ ನಾಜಿ ಸಲಾಮು ಹೊಡೆದ. ನೀವು ಯಾರ ಸಂತಾನ ಎಂದು ಹೇಳಲು ಅವನಿಗೆ ಒಂದು ಮಾತೂ ಬೇಕಾಗಲಿಲ್ಲ. ಗುಂಪಿಗೆ ಅರ್ಥವಾಯಿತು. ನುಗ್ಗಿ ಬಂದು ಹಿಡಿದರು, ಹೊಡೆದರು.

ಪೊಲೀಸರು ಕೇಸು ಹಾಕಿದರು. ಯಾರ ಮೇಲೆ? ಅವನ ಮೇಲೆ!

ಅವನ ಹೆಸರು ಅಡೆಬೊವಾಲೆ ಒಗುಂಗ್‌ಬುರೆ. ಲೈಪ್‌ಜಿಗ್‌ನ ಅಭಿಮಾನಿಗಳು ಅಡೆ ಎಂದು ಕರೆಯುತ್ತಿದ್ದರು. 1981ರಲ್ಲಿ ನೈಜೀರಿಯಾದ ಲಾಗೋಸ್‌ನಲ್ಲಿ ಹುಟ್ಟಿದವನು. ಗೋಲು ಹೊಡೆದು ಹೆಸರು ಮಾಡುವ ಜಾಗ ಅವನದಲ್ಲ. ಎದುರಾಳಿಯ ಕಾಲಿನಿಂದ ಚೆಂಡು ಕಿತ್ತುಕೊಳ್ಳುವ, ತಡೆಯುವ, ತಲೆಯೊಡ್ಡುವ ಕೆಲಸ ಅವನದು. ಇಂಥ ಆಟಗಾರ ಚೆನ್ನಾಗಿ ಆಡಿದ ದಿನ ಏನೂ ನಡೆಯುವುದಿಲ್ಲ, ಹಾಗಾಗಿ ಪತ್ರಿಕೆಯವರಿಗೆ ಬರೆಯಲೂ ಏನೂ ಇರುವುದಿಲ್ಲ. ಒಗುಂಗ್‌ಬುರೆ ಸುದ್ದಿಯಾಗಲು ಉಗುಳಿಸಿಕೊಳ್ಳಬೇಕಾಯಿತು.

ಕಾನೂನಿನ ಮಾತಿಗೆ ಬರೋಣ. ಈ ಸಿಟ್ಟಿನ ಬೇರು ಅಲ್ಲೇ ಇದೆ. ಜರ್ಮನಿಯ ದಂಡ ಸಂಹಿತೆಯಲ್ಲಿ 86ಎ ಎಂಬ ಕಲಮು ಇದೆ. ನಾಜಿಗಳಂಥ ನಿಷೇಧಿತ ಸಂಘಟನೆಗಳ ಬಾವುಟ, ಲಾಂಛನ, ಸಲಾಮು ಇವುಗಳನ್ನು ಸಾರ್ವಜನಿಕವಾಗಿ ತೋರಿಸಿದರೆ 3 ವರ್ಷದವರೆಗೆ ಜೈಲು, ಇಲ್ಲವೇ ದಂಡ. ಈ ಕಲಮಿನ ಬಗ್ಗೆ ನನ್ನ ತಕರಾರಿಲ್ಲ. ಲಕ್ಷಲಕ್ಷ ಜನರನ್ನು ಒಲೆಗೆ ಹಾಕಿದ ದೇಶ ಒಂದು ಕೈಸನ್ನೆಗೂ ಹೆದರಬೇಕು, ಹೆದರಲಿ. ತಕರಾರು ಇರುವುದು ಪಕ್ಕದ ಪುಟದಲ್ಲಿ. ಅದೇ ಸಂಹಿತೆಯಲ್ಲಿ ವ್ಯಕ್ತಿನಿಂದನೆ ಎಂಬ ಅಪರಾಧವೂ ಇದೆ, ಆದರೆ ಅದಕ್ಕೆ ಬೈಸಿಕೊಂಡವನೇ ಬಂದು ದೂರು ಕೊಡಬೇಕು. ಜನಾಂಗದ್ವೇಷ ಕೆರಳಿಸುವುದಕ್ಕೆ ಬೇರೆ ಕಲಮು ಇದೆ, 130. ಅದರ ಹೊಸ್ತಿಲು ಎತ್ತರ, ಮಂಗನ ಕೂಗು ಅದನ್ನು ದಾಟುವುದು ಕಷ್ಟ. ಅಂದರೆ ಸಲಾಮು ಕಂಡರೆ ಸರ್ಕಾರ ತಾನಾಗಿಯೇ ಎದ್ದು ಬರುತ್ತದೆ. ಉಗುಳು ಕಂಡರೆ ಕೂತಲ್ಲಿಂದಲೇ, ನಿನಗೆ ನೋವಾಗಿದ್ದರೆ ಅರ್ಜಿ ಬರೆದು ತಾ ಎನ್ನುತ್ತದೆ. ಮೈಮೇಲೆ ಬಿದ್ದ ಕೈಗಳನ್ನು ಗುಂಪಿನಲ್ಲಿ ಗುರುತಿಸಬೇಕು, ಬಾಯಿಗಳನ್ನು ಎಣಿಸಬೇಕು, ಸಾಕ್ಷಿ ಹುಡುಕಬೇಕು. ಸಲಾಮು ಹೊಡೆದವನಾದರೋ ಒಬ್ಬನೇ. ಬೆನ್ನ ಮೇಲೆ ನಂಬರು ಇದೆ. ಓಡಿಹೋಗುವ ಜಾಗವಿಲ್ಲ. ಹಿಡಿಯುವುದು ಸಲೀಸು.

ನಮ್ಮ ತಾಲ್ಲೂಕು ಠಾಣೆಗಳ ಮೆಟ್ಟಿಲು ಹತ್ತಿದ ಯಾವ ದಲಿತನಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಟ್ರಾಸಿಟಿ ದೂರು ಕೊಟ್ಟು ಮನೆ ಮುಟ್ಟುವಷ್ಟರಲ್ಲಿ ಕೌಂಟರ್ ಕೇಸು ಬಂದು ಬಾಗಿಲಲ್ಲಿ ಕೂತಿರುತ್ತದೆ. ಜರ್ಮನರ ಮಾತು ಓದಿ ಮೂಗು ಮುರಿಯುವ ಬೆಂಗಳೂರಿಗರಿಗೆ ಇನ್ನೊಂದು ನೆನಪು: 2016ರ ಜನವರಿ ಕೊನೆಯಲ್ಲಿ ಹೆಸರಘಟ್ಟ ರಸ್ತೆ ಕಡೆ ಅಪಘಾತ ಮಾಡಿದವನು ಯಾರೋ ಸುಡಾನಿನವನು. ಗುಂಪು ಹಿಡಿದು ಹೊಡೆದು ಬಟ್ಟೆ ಹರಿದದ್ದು, ಅವನನ್ನು ಕಂಡೇ ಇರದ ತಾಂಜಾನಿಯಾದ ವಿದ್ಯಾರ್ಥಿನಿಗೆ. ಇಬ್ಬರ ನಡುವಿನ ನಂಟು ಬಣ್ಣವೊಂದೇ. ಇಷ್ಟು ಹೇಳಿ ಹಾಲೆಗೆ ಮರಳುತ್ತೇನೆ.

ಒಗುಂಗ್‌ಬುರೆಯ ಮೇಲಿನ ಕೇಸನ್ನು ಕೆಲವೇ ದಿನಗಳಲ್ಲಿ ಕೈಬಿಟ್ಟರು. ದೊಡ್ಡ ಉಪಕಾರ! ಕೈಬಿಟ್ಟಿದ್ದನ್ನು ನ್ಯಾಯ ಎಂದು ಒಪ್ಪಿಕೊಳ್ಳುವವರು ಅದೇ ವರ್ಷದ ಇನ್ನೊಂದು ಕಥೆ ಕೇಳಬೇಕು. ಸ್ಟುಟ್‌ಗಾರ್ಟ್ ಸೀಮೆಯಲ್ಲಿ ಪಂಕ್ ಸಂಗೀತದ ಹುಡುಗರಿಗೆ ಅಂಗಿ, ಬಿಲ್ಲೆ ಮಾರುವ ವ್ಯಾಪಾರಿಯೊಬ್ಬನಿದ್ದ. ಅವನ ಸರಕಿನ ಮೇಲೆ ಸ್ವಸ್ತಿಕ ಇತ್ತು, ಅದರ ಮೇಲೆ ಅಡ್ಡಗೀಟು ಎಳೆದಿತ್ತು; ಕಸದ ಬುಟ್ಟಿಗೆ ಎಸೆಯುತ್ತಿರುವ ಚಿತ್ರವಿತ್ತು. ಎಳೆಯ ಮಗುವಿಗೂ ತಿಳಿಯುವ ಮಾತು: ನಾಜಿಗಳು ಬೇಡ. ಸ್ಟುಟ್‌ಗಾರ್ಟ್ ಕೋರ್ಟು 2006ರ ಸೆಪ್ಟೆಂಬರಿನಲ್ಲಿ ಅವನಿಗೆ ಇದೇ 86ಎ ಅಡಿಯಲ್ಲಿ 3,600 ಯೂರೊ ದಂಡ ಹಾಕಿತು. 2007ರ ಮಾರ್ಚಿನಲ್ಲಿ ಮೇಲಿನ ಕೋರ್ಟು ಅದನ್ನು ರದ್ದು ಮಾಡಿ, ವಿರೋಧ ಎದ್ದು ಕಾಣುತ್ತಿದ್ದರೆ ಅದು ಅಪರಾಧವಲ್ಲ ಎಂದಿತು. ಗೀಟು ಎಳೆದ ಸ್ವಸ್ತಿಕಕ್ಕೂ ಗೀಟಿಲ್ಲದ ಸ್ವಸ್ತಿಕಕ್ಕೂ ವ್ಯತ್ಯಾಸವಿದೆ ಎಂದು ತಿಳಿಯಲು ಆ ದೇಶಕ್ಕೆ ಅದರ ಅತಿ ಎತ್ತರದ ಕೋರ್ಟಿನವರೆಗೆ ಹೋಗಬೇಕಾಯಿತು. ಇಂಥ ಕಣ್ಣಿಗೆ, ಉಗುಳು ಒರೆಸಿಕೊಳ್ಳುತ್ತ ನಿಂತ ಕಪ್ಪು ಆಟಗಾರನ ಅಣಕ ಹೇಗೆ ಕಂಡೀತು?

ಕೆಳಗಿನ ಲೀಗ್ ಎಂದರೇನು ಎಂದು ತಿಳಿಯದೆ ಈ ಸಿಟ್ಟು ಪೂರ್ತಿ ದಕ್ಕುವುದಿಲ್ಲ. ನಾವು ಟೀವಿಯಲ್ಲಿ ನೋಡುವುದು ಬುಂಡೆಸ್‌ಲೀಗಾ. ಬಯರ್ನ್, ಡಾರ್ಟ್‌ಮುಂಡ್, ಝಗಮಗ. ಅದರ ಕೆಳಗೆ ಎರಡನೇ ಬುಂಡೆಸ್‌ಲೀಗಾ. ಆ ಕಾಲಕ್ಕೆ ಮೂರನೆಯದು ರೀಜನಾಲ್‌ಲೀಗಾ, ನಾಲ್ಕನೆಯದು ಓಬರ್‌ಲೀಗಾ. ಹಾಲೆಯ ಆ ಪಂದ್ಯ ನಾಲ್ಕನೆಯ ಅಟ್ಟದ್ದು. ಅಲ್ಲಿ ಕ್ಯಾಮೆರಾ ಕಡಿಮೆ, ಕಾವಲಿನವರು ಕಡಿಮೆ, ಸಂಬಳ ಕಡಿಮೆ. ಬೈಗುಳ ಮಾತ್ರ ಕಿವಿಗೆ ಸ್ಪಷ್ಟ. ಎಪ್ಪತ್ತು ಸಾವಿರ ಜನರ ಗದ್ದಲದಲ್ಲಿ ಒಬ್ಬನ ಕೂಗು ಕರಗಬಹುದು. ಎರಡು ಸಾವಿರ ಜನರ ನಡುವೆ ಯಾರು, ಏನು, ಎಲ್ಲಿಂದ ಕೂಗಿದ ಎಂಬುದೂ ಗೊತ್ತಾಗುತ್ತದೆ. ಕರಾರು ಮುಗಿಯುತ್ತ ಬಂದಂತೆ ಆಟಗಾರ ಬಾಯಿ ಮುಚ್ಚಿಕೊಳ್ಳಲು ಕಲಿಯುತ್ತಾನೆ. ಗಲಾಟೆ ಮಾಡುವವನು ಎಂಬ ಹೆಸರು ಬಂದರೆ ಮುಂದಿನ ಕ್ಲಬ್ಬು ಕರೆಯುವುದಿಲ್ಲ. ಒಗುಂಗ್‌ಬುರೆಯ ದಾರಿ ನೋಡಿ: ನ್ಯೂರೆಂಬರ್ಗ್, ಕಾಟ್‌ಬುಸ್, ರೊಯ್ಟ್‌ಲಿಂಗನ್, ಲೈಪ್‌ಜಿಗ್, ಆಮೇಲೆ ಓಫನ್‌ಬಾಖ್, ಕೊನೆಗೆ ವಿಯೆಟ್ನಾಂ. ಸುಗ್ಗಿ ಮುಗಿದ ಕೂಡಲೇ ಗಂಟು ಕಟ್ಟುವ ಕೂಲಿಯವನ ಹಾಗೆ ಊರಿಂದ ಊರಿಗೆ.

ಅವನು ಆಡುತ್ತಿದ್ದ ಎಫ್‌ಸಿ ಝಾಕ್ಸನ್ ಲೈಪ್‌ಜಿಗ್ ಕ್ಲಬ್ಬಿನ ಗತಿಯೂ ಅಷ್ಟೆ. ಹಳೆಯ ಪೂರ್ವ ಜರ್ಮನಿಯಲ್ಲಿ ಎರಡು ಸಲ ರಾಷ್ಟ್ರೀಯ ಚಾಂಪಿಯನ್ ಆಗಿದ್ದ ಕೆಮಿ ಲೈಪ್‌ಜಿಗ್‌ನ ವಾರಸುದಾರ ಕ್ಲಬ್ಬು ಅದು. ಬರ್ಲಿನ್ ಗೋಡೆ ಬಿದ್ದ ಮೇಲೆ ದುಡ್ಡು ಪಶ್ಚಿಮಕ್ಕೆ ಹೋಯಿತು, ಒಳ್ಳೆಯ ಆಟಗಾರರು ದುಡ್ಡಿನ ಹಿಂದೆ ಹೋದರು, ಕ್ಲಬ್ಬು ದಿವಾಳಿ ಎದ್ದು ಎದ್ದು 2011ರಲ್ಲಿ ಮುಚ್ಚಿಯೇ ಹೋಯಿತು. ಆದರೆ 2006ರಲ್ಲಿ ಆ ಊರಿನಲ್ಲಿ ಒಂದು ಹೊಚ್ಚಹೊಸ ಭಾರಿ ಸ್ಟೇಡಿಯಂ ಇತ್ತು. ವಿಶ್ವಕಪ್ಪಿನ 12 ಕ್ರೀಡಾಂಗಣಗಳಲ್ಲಿ ಹಿಂದಿನ ಪೂರ್ವ ಜರ್ಮನಿಯ ನೆಲದಲ್ಲಿದ್ದದ್ದು ಅದೊಂದೇ. ನಾಲ್ಕನೇ ದರ್ಜೆಯ ತಂಡ, ವಿಶ್ವದರ್ಜೆಯ ಖಾಲಿ ಕುರ್ಚಿಗಳು. ಜಗತ್ತು ಗೆಳೆಯರ ಮನೆಗೆ ಅತಿಥಿಯಾಗಿ ಬರುತ್ತಿದೆ ಎಂಬುದು ಆ ವಿಶ್ವಕಪ್ಪಿನ ಘೋಷಣೆ. ಎರಡೂವರೆ ತಿಂಗಳು ಮೊದಲೇ ಬಂದಿದ್ದ ಒಬ್ಬ ಅತಿಥಿಗೆ ಗೆಳೆಯರು ಕೊಟ್ಟ ಸ್ವಾಗತ ಮೇಲೆ ಬರೆದಿದೆ. ಅದೇ ವರ್ಷದ ಫೆಬ್ರುವರಿಯಲ್ಲಿ, ಅದೇ ಲೈಪ್‌ಜಿಗ್‌ನಲ್ಲಿ, ಒಂದು ಜೂನಿಯರ್ ಪಂದ್ಯದ ವೇಳೆ ಲೋಕೊಮೋಟಿವ್ ಕ್ಲಬ್ಬಿನ ಅಭಿಮಾನಿಗಳು ಗ್ಯಾಲರಿಯಲ್ಲಿ ಸಾಲಾಗಿ ನಿಂತು ತಮ್ಮ ಮೈಗಳಿಂದಲೇ ಸ್ವಸ್ತಿಕ ಬಿಡಿಸಿದ್ದರು. ಮಕ್ಕಳ ಪಂದ್ಯ ಸ್ವಾಮಿ, ಮಕ್ಕಳ ಪಂದ್ಯ!

ಮೇ ತಿಂಗಳಲ್ಲಿ ಸರ್ಕಾರದ ಮಾಜಿ ವಕ್ತಾರ ಊವೆ ಕಾರ್ಸ್ಟನ್ ಹಾಯೆ ರೇಡಿಯೋದಲ್ಲಿ ಒಂದು ನಿಜ ಹೇಳಿಬಿಟ್ಟರು: ಬ್ರಾಂಡೆನ್‌ಬುರ್ಗ್‌ನ, ಬೇರೆ ಕಡೆಯ ಕೆಲವು ಸಣ್ಣ ಊರುಗಳಿಗೆ ಕಪ್ಪು ಬಣ್ಣದವರು ಹೋಗದಿರುವುದು ಲೇಸು, ಹೋದರೆ ಜೀವಂತ ಮರಳುವ ಭರವಸೆಯಿಲ್ಲ. ರಾಜಕಾರಣಿಗಳು ಉರಿದುಬಿದ್ದರು. ಉರಿದದ್ದು ಆ ಊರುಗಳ ಮೇಲಲ್ಲ, ಹಾಯೆ ಮೇಲೆ. ಊರಿನ ಮರ್ಯಾದೆ ಹೋಯಿತಂತೆ. 1990ರಲ್ಲಿ ಎಬರ್ಸ್‌ವಾಲ್ಡೆಯಲ್ಲಿ ಅಂಗೋಲಾದ ಕಾರ್ಮಿಕ ಅಮಾಡೆಯು ಆಂಟೋನಿಯೊನನ್ನು ಹೊಡೆದು ಕೊಂದಾಗ ಹೋಗದ ಮರ್ಯಾದೆ, 2000ದ ಜೂನಿನಲ್ಲಿ ದೆಸ್ಸೌ ಉದ್ಯಾನದಲ್ಲಿ ಮೊಜಾಂಬಿಕ್‌ನ ಅಲ್ಬರ್ಟೊ ಆಡ್ರಿಯಾನೊನನ್ನು ತುಳಿದು ಕೊಂದಾಗ ಹೋಗದ ಮರ್ಯಾದೆ, 2005ರ ಜನವರಿಯಲ್ಲಿ ಅದೇ ದೆಸ್ಸೌನ ಪೊಲೀಸ್ ಲಾಕಪ್ಪಿನಲ್ಲಿ ಕೈಕಾಲು ಕಟ್ಟಿಸಿಕೊಂಡಿದ್ದ ಸಿಯೆರಾ ಲಿಯೋನಿನ ಊರಿ ಜಲ್ಲೊ ಸುಟ್ಟು ಕರಕಲಾದಾಗ ಹೋಗದ ಮರ್ಯಾದೆ, ಒಬ್ಬ ಮುದುಕ ರೇಡಿಯೋದಲ್ಲಿ ಬಾಯಿ ಬಿಟ್ಟಾಗ ಹೋಯಿತು. ದೆಸ್ಸೌ, ಹಾಲೆ ಎರಡೂ ಒಂದೇ ರಾಜ್ಯದ ಊರುಗಳು.

ಇಲ್ಲೊಂದು ಜಾಣ ವಾದವಿದೆ. ಇದು ಪೂರ್ವದವರ ಕಾಯಿಲೆ, ನಿರುದ್ಯೋಗದ ಕಾಯಿಲೆ, ಕಾರ್ಖಾನೆ ಮುಚ್ಚಿದ ಊರುಗಳ ಹತಾಶೆ. ಕೇಳಲು ಚೆನ್ನಾಗಿದೆ. ಕೆಲಸ ಕಳೆದುಕೊಂಡವನ ಸಂಕಟ ನನಗೂ ಗೊತ್ತು. ಆದರೆ ಕೆಲಸ ಕಳೆದುಕೊಂಡವನು ಕಾರ್ಖಾನೆ ಮಾರಿದವನ ಮೇಲೆ ಏಕೆ ಉಗುಳುವುದಿಲ್ಲ? ಅವನ ಪಂದ್ಯಕ್ಕೆ ಟಿಕೆಟ್ಟು ಸಿಗುವುದಿಲ್ಲವೇ? ಅದಿರಲಿ. ಪಶ್ಚಿಮದ ಮೈದಾನಗಳಲ್ಲಿ ಆಡುತ್ತಿದ್ದ ಆಂಟನಿ ಬಾಫೊ, ಸುಲೇಮಾನ್ ಸಾನೆ, ಟೋನಿ ಯೆಬೊವಾ ಮೂವರೂ ಸೇರಿ 1990ರಲ್ಲೇ ಈ ಮಂಗನ ಕೂಗಿನ ವಿರುದ್ಧ ಬಹಿರಂಗ ಪತ್ರ ಬರೆದಿದ್ದರು. ಬಾಫೊ ಡಿಫೆಂಡರ್. ಬಾನ್ ಪಕ್ಕದಲ್ಲಿ ಹುಟ್ಟಿದ ಜರ್ಮನ್ ಹುಡುಗ. ಪಶ್ಚಿಮದ ಹೊಟ್ಟೆ ತುಂಬಿದ ಊರುಗಳಲ್ಲಿ ಅವನಿಗೆ ಕೂಗಿದವರು ಯಾವ ಹತಾಶೆಯವರು? ಒಗುಂಗ್‌ಬುರೆಗೆ ಹೀಗಾದ ಅದೇ 2006ರಲ್ಲಿ ಉಗ್ರ ಬಲಪಂಥದ ಎನ್‌ಪಿಡಿ ಪಕ್ಷ ವಿಶ್ವಕಪ್ಪಿನ ವೇಳಾಪಟ್ಟಿಯ ಕೈಪಿಡಿ ಹೊರತಂದಿತು. ಅದರ ಮೇಲೆ 25ನೇ ನಂಬರಿನ ಬಿಳಿ ಜೆರ್ಸಿ, ಕೆಳಗೆ ಬಿಳಿ ಎಂಬುದು ಬರೀ ಜೆರ್ಸಿಯ ಬಣ್ಣವಲ್ಲ ಎಂಬ ಅರ್ಥದ ಮಾತು. ರಾಷ್ಟ್ರೀಯ ತಂಡದಲ್ಲಿ ಆ ನಂಬರು ತೊಡುತ್ತಿದ್ದವನು ಪ್ಯಾಟ್ರಿಕ್ ಒವೊಮೊಯೆಲಾ: ಹ್ಯಾಂಬರ್ಗ್‌ನಲ್ಲಿ ಹುಟ್ಟಿ, ಕೆಳಗಿನ ಲೀಗ್‌ಗಳಿಂದ ಒಂದೊಂದೇ ಮೆಟ್ಟಿಲು ಹತ್ತಿ ಬಂದ ಡಿಫೆಂಡರ್.

ಮತ್ತೆ ಪೂರ್ವಕ್ಕೆ, ಕೆಮ್ನಿಟ್ಸ್ ಊರಿಗೆ ಹೋಗೋಣ. ಒಜೊಕೊಜೊ ತೊರುನಾರಿಘಾ ನೈಜೀರಿಯಾದಿಂದ ಬಂದು ಆ ಊರಿನ ಕ್ಲಬ್ಬಿಗೆ ಆಡಿದವರು. ಅವರ ಮಗ ಜೋರ್ಡನ್ ಹುಟ್ಟಿದ್ದು ಅಲ್ಲೇ, 1997ರಲ್ಲಿ. ಅಪ್ಪನ ಬೆವರು ಬಿದ್ದ ಆ ಕ್ಲಬ್ಬು 2019ರ ಮಾರ್ಚ್‌ನಲ್ಲಿ ಏನು ಮಾಡಿತು ಗೊತ್ತೇ? ತನ್ನ ಗುಂಪಿಗೆ ಹೂಲಿಗನ್, ನಾಜಿ, ರೇಸಿಸ್ಟ್ ಎಂಬ ಮೂರು ಬಿರುದುಗಳನ್ನು ಸೇರಿಸಿ ಹೆಸರಿಟ್ಟುಕೊಂಡಿದ್ದ ಒಬ್ಬ ಸತ್ತಾಗ, ನಾಲ್ಕನೇ ದರ್ಜೆಯ ಪಂದ್ಯಕ್ಕೆ ಮುಂಚೆ ಅವನ ಚಿತ್ರವನ್ನು ದೊಡ್ಡ ಪರದೆಯ ಮೇಲೆ ತೋರಿಸಿ ಸಂತಾಪ ಸೂಚಿಸಿತು. ಅವನ ಕಂಪನಿ ಹಿಂದೊಮ್ಮೆ ಆ ಸ್ಟೇಡಿಯಮ್ಮಿನ ಕಾವಲಿನ ಗುತ್ತಿಗೆ ಹಿಡಿದಿತ್ತು! ತೋಳನಿಗೆ ಕುರಿ ಕಾಯಲು ಕೊಟ್ಟು ಸಂಬಳವನ್ನೂ ಕೊಟ್ಟಿದ್ದರು. ಗೋಲು ಹೊಡೆದ ನಾಯಕ ಡೇನಿಯಲ್ ಫ್ರಾನ್ ಸ್ಥಳೀಯ ಹೂಲಿಗನ್ನರನ್ನು ಬೆಂಬಲಿಸಿ ಎಂದು ಬರೆದ ಅಂಗಿ ಎತ್ತಿ ತೋರಿಸಿದ. ಆ ಅಂಗಿಯ ಅರ್ಥ ತನಗೆ ಗೊತ್ತಿರಲಿಲ್ಲ ಎಂದು ಆಮೇಲೆ ಕ್ಷಮೆ ಕೇಳಿದ. ಕ್ಲಬ್ಬು ಅವನನ್ನು ಹೊರಹಾಕಿದ್ದು ಆಗಸ್ಟಿನಲ್ಲಿ.

ಮಗ ಜೋರ್ಡನ್ ಮೇಲೆ ಹೋದ. ಹೆರ್ಥಾ ಬರ್ಲಿನ್ ಸೇರಿದ, ಜರ್ಮನಿಯ ಕಿರಿಯರ ತಂಡಕ್ಕೆ ಆಡಿದ. 2020ರ ಫೆಬ್ರುವರಿ 4ರಂದು ಪಶ್ಚಿಮದ ಗೆಲ್ಸನ್‌ಕಿರ್ಖನ್‌ನಲ್ಲಿ ಶಾಲ್ಕೆ ವಿರುದ್ಧ ಕಪ್ ಪಂದ್ಯ. ಗ್ಯಾಲರಿಯಿಂದ ಮಂಗನ ಕೂಗು. ಅವನು ಮೈದಾನದಲ್ಲೇ ಅತ್ತ. ನಾಯಕ ನಿಕ್ಲಾಸ್ ಸ್ಟಾರ್ಕ್ ರೆಫರಿಗೆ ಹೇಳಿದ, ಇವನನ್ನು ಕಾಯಬೇಕು ಎಂದು. ಹೆಚ್ಚುವರಿ ಸಮಯದ ಆಟದಲ್ಲಿ ಎದುರಾಳಿಯ ತಳ್ಳಾಟಕ್ಕೆ ಗೆರೆಯಾಚೆ ಬಿದ್ದ ಜೋರ್ಡನ್ ಎದ್ದವನೇ ಅಲ್ಲಿದ್ದ ನೀರಿನ ಬಾಟಲಿಗಳ ಕ್ರೇಟು ಎತ್ತಿ ನೆಲಕ್ಕೆ ಕುಕ್ಕಿದ. ಎರಡನೇ ಹಳದಿ, ಅಂದರೆ ಕೆಂಪು. ಹೊರಗೆ! ನಿಯಮದ ಪುಸ್ತಕದಲ್ಲಿ ಕ್ರೇಟಿಗೆ ಕಾರ್ಡು ಇದೆ. ಶಾಲ್ಕೆ ಕ್ಲಬ್ಬಿಗೆ ಆಮೇಲೆ ಬಿದ್ದದ್ದು 50,000 ಯೂರೊ ದಂಡ. ಕೋಟಿ ಕೋಟಿ ವಹಿವಾಟಿನ ಆ ಕ್ಲಬ್ಬಿಗೆ ಅದು ಎಲೆ ಅಡಿಕೆ ಖರ್ಚು.

ಆ ಕ್ಲಬ್ಬಿನ ಮೇಲುಸ್ತುವಾರಿ ಮಂಡಳಿಯ ಅಧ್ಯಕ್ಷ ಆಗ ಯಾರು? ಮಾಂಸದ ಉದ್ಯಮಿ ಕ್ಲೆಮೆನ್ಸ್ ಟೋನಿಸ್. 2019ರ ಆಗಸ್ಟಿನಲ್ಲಿ ವೇದಿಕೆಯ ಮೇಲೆ ನಿಂತು ಈತ ಆಡಿದ ಮಾತಿನ ಸಾರ: ಆಫ್ರಿಕಾದಲ್ಲಿ ವಿದ್ಯುತ್ ಸ್ಥಾವರ ಕಟ್ಟಿಕೊಟ್ಟರೆ ಅಲ್ಲಿನವರು ಮರ ಕಡಿಯುವುದನ್ನೂ ಕತ್ತಲಲ್ಲಿ ಮಕ್ಕಳು ಹುಟ್ಟಿಸುವುದನ್ನೂ ಬಿಡುತ್ತಾರೆ. ಶಿಕ್ಷೆ? 3 ತಿಂಗಳು ಹುದ್ದೆಯಿಂದ ದೂರ ಇರುತ್ತೇನೆ ಎಂದು ಅವನೇ ಹೇಳಿದ, ಕ್ಲಬ್ಬು ತಲೆಯಾಡಿಸಿತು. ತನ್ನ ಶಿಕ್ಷೆಯನ್ನು ತಾನೇ ಬರೆದುಕೊಳ್ಳುವ ಭಾಗ್ಯ ಯಾವ ಡಿಫೆಂಡರನಿಗುಂಟು? ಮರುವರ್ಷ ಜೂನಿನಲ್ಲಿ ಅವನ ಕಸಾಯಿ ಕಾರ್ಖಾನೆಯಲ್ಲಿ, ಗುತ್ತಿಗೆಯ ಮೇಲೆ ಪೂರ್ವ ಯುರೋಪಿನಿಂದ ತಂದು ದುಡಿಸುತ್ತಿದ್ದ ಕೂಲಿಗಳಿಗೆ ಕೊರೊನಾ ಹಬ್ಬಿ ಸಾವಿರಕ್ಕೂ ಹೆಚ್ಚು ಮಂದಿಗೆ ಸೋಂಕು ತಗುಲಿದಾಗ ಹುದ್ದೆ ಬಿಟ್ಟ. ಗ್ಯಾಲರಿಯಲ್ಲಿ ಕೂಗುವವನ ಬಾಯಿ, ವೇದಿಕೆಯ ಮೇಲಿನ ಕೋಟು ಟೈಯ ಬಾಯಿ ಒಂದೇ ಪಾಠಶಾಲೆಯಲ್ಲಿ ಕಲಿತವು. ಹೊಲಸು ಕೆಳಗಿನಿಂದ ಮೇಲಕ್ಕೆ ಏರುತ್ತದೆ ಎನ್ನುವ ಪಂಡಿತರು ಒಮ್ಮೆ ಮೇಲಿನಿಂದ ಏನು ಸುರಿಯುತ್ತಿದೆ ಎಂದು ತಲೆಯೆತ್ತಿ ನೋಡಲಿ.

ಶಾಲ್ಕೆಯ ಆ ಪಂದ್ಯವಾದ ಹತ್ತು ದಿನಕ್ಕೆ, 2020ರ ಫೆಬ್ರುವರಿ 14ರ ಶುಕ್ರವಾರ ರಾತ್ರಿ, ಮೂರನೇ ಲೀಗ್. ಮ್ಯುನ್‌ಸ್ಟರ್‌ನಲ್ಲಿ ಪ್ರಾಯ್ಸನ್ ತಂಡಕ್ಕೂ ವ್ಯುರ್ಟ್ಸ್‌ಬುರ್ಗ್ ಕಿಕರ್ಸ್‌ಗೂ ಪಂದ್ಯ. ಎರಡೂ ಕಡೆ ಗೋಲಿಲ್ಲ. ವ್ಯುರ್ಟ್ಸ್‌ಬುರ್ಗ್‌ನ ಡಿಫೆಂಡರ್ ಲೆರಾಯ್ ಕ್ವಾಡ್ವೊ ರೂರ್ ಸೀಮೆಯ ಹೆರ್ಟನ್‌ನಲ್ಲಿ ಹುಟ್ಟಿದವನು, ಬೇರು ಘಾನಾದ್ದು. ಅವನತ್ತ ಒಬ್ಬ ಮಂಗನ ಸದ್ದು ಮಾಡಿದ. ಕ್ವಾಡ್ವೊ ನಿಂತು ಆ ಕಡೆ ಬೆರಳು ತೋರಿಸಿದ. ಆಗ ಅಕ್ಕಪಕ್ಕದವರೇ, ಅಂದರೆ ಎದುರು ತಂಡದ ಅಭಿಮಾನಿಗಳೇ, ಕೂಗಿದವನನ್ನು ಕೈತೋರಿಸಿ ಹಿಡಿಸಿಕೊಟ್ಟರು. ಇಡೀ ಸ್ಟೇಡಿಯಂ ನಾಜಿಗಳೇ ತೊಲಗಿ ಎಂದು ಕೂಗಿತು. ಅವನನ್ನು ಪೊಲೀಸರಿಗೆ ಒಪ್ಪಿಸಿದರು. ಮುಂದೆ 3 ವರ್ಷ ಸ್ಟೇಡಿಯಂ ನಿಷೇಧ ಬಿತ್ತು. ಕ್ವಾಡ್ವೊ ಮ್ಯುನ್‌ಸ್ಟರ್‌ನ ಜನಕ್ಕೆ ಧನ್ಯವಾದ ಹೇಳಿದ.

ಒಳ್ಳೆಯದಾಯಿತು. ಆ ಜನಕ್ಕೆ ನನ್ನದೂ ಒಂದು ಕೈಮುಗಿತ. ಆದರೆ ಮರುದಿನದಿಂದ ಪತ್ರಿಕೆಗಳು ಮ್ಯುನ್‌ಸ್ಟರನ್ನು ಹೊಗಳಿದ್ದೇ ಹೊಗಳಿದ್ದು. ಪಕ್ಕದಲ್ಲಿ ಕೂತವನು ಹೊಲಸು ಮಾತಾಡಿದಾಗ ಸುಮ್ಮನಿರದವನು ವೀರನಾಗುವ ಕಾಲವೆಂದರೆ ಅದು ಎಂಥ ಕಾಲ? ಕ್ವಾಡ್ವೊನ ಟ್ಯಾಕಲ್ ಬಗ್ಗೆ, ಅವನು ತಡೆದ ಚೆಂಡುಗಳ ಬಗ್ಗೆ ಯಾರೂ ಕೇಳಲಿಲ್ಲ. ಕೇಳಿದ್ದೆಲ್ಲ ಒಂದೇ: ಆ ಕ್ಷಣ ನಿಮಗೆ ಹೇಗನ್ನಿಸಿತು? ಉಗುಳಿಸಿಕೊಂಡವನೇ ಉಗುಳಿನ ಬಗ್ಗೆ ಉಪನ್ಯಾಸವನ್ನೂ ಕೊಡಬೇಕು.

ಐದು ದಿನ ಕಳೆಯಿತು. ಫೆಬ್ರುವರಿ 19ರ ರಾತ್ರಿ ಹನಾವ್ ಪಟ್ಟಣದಲ್ಲಿ ಬಂದೂಕುಧಾರಿಯೊಬ್ಬ ಹೊರನಾಡಿನ ಬೇರಿನ ಒಂಬತ್ತು ಜನರನ್ನು, ಅವರ ಬೇರಿಗಾಗಿಯೇ ಗುಂಡಿಟ್ಟು ಕೊಂದ. ಅದಕ್ಕೂ ನಾಲ್ಕು ತಿಂಗಳ ಹಿಂದೆ, 2019ರ ಅಕ್ಟೋಬರ್ 9ರಂದು, ಹಾಲೆಯಲ್ಲಿ ಇನ್ನೊಬ್ಬ ಯಹೂದಿಗಳ ಪ್ರಾರ್ಥನಾ ಮಂದಿರಕ್ಕೆ ನುಗ್ಗಲು ಹೋಗಿ, ಬಾಗಿಲು ಒಡೆಯದೆ ಬೀದಿಯಲ್ಲೊಬ್ಬಳು ಹೆಂಗಸನ್ನೂ ಕೆಬಾಬ್ ಅಂಗಡಿಯಲ್ಲೊಬ್ಬ ಹುಡುಗನನ್ನೂ ಕೊಂದಿದ್ದ. ಆ ಹುಡುಗ ಹಾಲೆ ಎಫ್‌ಸಿಯ ಕಟ್ಟಾ ಅಭಿಮಾನಿ. 2006ರಲ್ಲಿ ಒಗುಂಗ್‌ಬುರೆಯ ಮೇಲೆ ಬಿದ್ದವರು ಯಾವ ಕ್ಲಬ್ಬಿನ ಹೆಸರು ಕೂಗುತ್ತಿದ್ದರೋ ಅದೇ ಕ್ಲಬ್ಬು. ದ್ವೇಷವನ್ನು ಗ್ಯಾಲರಿಯ ತಮಾಷೆ ಎಂದು ಬಿಟ್ಟವರು ಆ ಹುಡುಗನ ತಂದೆಗೆ ಏನು ಹೇಳುತ್ತಾರೆ?

ಪಂದ್ಯ ನಿಲ್ಲಿಸಿ ಎಂದರೆ ಫುಟ್ಬಾಲ್ ಧಣಿಗಳು ನಿಯಮ ತೋರಿಸುತ್ತಾರೆ. ಮೂರು ಹೆಜ್ಜೆಯ ನಿಯಮ: ಮೊದಲು ಆಟ ನಿಲ್ಲಿಸಿ ಮೈಕಿನಲ್ಲಿ ಎಚ್ಚರಿಕೆ, ಆಮೇಲೆ ತಂಡಗಳನ್ನು ಒಳಗೆ ಕಳಿಸುವುದು, ಕೊನೆಗೆ ಪಂದ್ಯವೇ ರದ್ದು. ಜನಾಂಗೀಯ ನಿಂದನೆ ತಡೆಯಲೆಂದೇ ಹುಟ್ಟಿದ ನಿಯಮ. ಅದರ ಕೊನೆಯ ಹೆಜ್ಜೆಯನ್ನು ಜರ್ಮನಿಯ ವೃತ್ತಿಪರ ಫುಟ್ಬಾಲಿನಲ್ಲಿ ಈ ಕಾರಣಕ್ಕೆ ಮೊದಲ ಸಲ ಇಟ್ಟದ್ದು 2021ರ ಡಿಸೆಂಬರ್ 19ರಂದು, ಅದೂ ಮೂರನೇ ಲೀಗಿನಲ್ಲಿ. ಡ್ಯುಯಿಸ್‌ಬುರ್ಗ್‌ನಲ್ಲಿ ಒಸ್ನಾಬ್ರ್ಯುಕ್‌ನ ಆರೋನ್ ಒಪೊಕುಗೆ ಜನಾಂಗೀಯ ನಿಂದನೆಯಾಯಿತೆಂಬ ದೂರು ಬಂತು, ಒಪೊಕುಗೆ ಆಡುವ ಮನಸ್ಸಿಲ್ಲ ಎಂದಾಗ ಅವನ ತಂಡದವರೆಲ್ಲ ಮರಳಿ ಮೈದಾನಕ್ಕೆ ಇಳಿಯಲಿಲ್ಲ. ಡ್ಯುಯಿಸ್‌ಬುರ್ಗ್ ಕೂಡ ಅವರ ಜೊತೆ ನಿಂತಿತು. ಮೇಲಿನ ಅಟ್ಟದವರಿಗೆ ಆಗದ ಕೆಲಸವನ್ನು ಕೆಳಗಿನ ಅಟ್ಟದವರು ಮಾಡಿದರು.

ಹಾಗಾದರೆ ಮೇಲಿನ ಅಟ್ಟದವರಿಗೆ ಆ ನಿಯಮ ಗೊತ್ತೇ ಇರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. 2020ರ ಫೆಬ್ರುವರಿ 29, ತೊರುನಾರಿಘಾ ಅತ್ತ ಇಪ್ಪತ್ತೈದನೇ ದಿನ, ಹನಾವ್‌ನಲ್ಲಿ ಹೆಣ ಬಿದ್ದ ಹತ್ತನೇ ದಿನ, ಬುಂಡೆಸ್‌ಲೀಗಾದಲ್ಲಿ ಹೋಫನ್‌ಹೈಮ್ ಮೇಲೆ ಬಯರ್ನ್ ಪಂದ್ಯ. ಬಯರ್ನ್ 6-0 ಮುಂದಿತ್ತು. ಡಾರ್ಟ್‌ಮುಂಡ್ ಅಭಿಮಾನಿಗಳ ಮೇಲೆ ಫುಟ್ಬಾಲ್ ಸಂಸ್ಥೆ ಹೇರಿದ ಸಾಮೂಹಿಕ ನಿಷೇಧಕ್ಕೆ ಸಿಟ್ಟಾದ ಬಯರ್ನ್ ಅಭಿಮಾನಿಗಳು ಒಂದು ಬ್ಯಾನರು ಎತ್ತಿದರು. ಅದರಲ್ಲಿ ಹೋಫನ್‌ಹೈಮ್‌ನ ಹಣದ ದೊರೆ, ಎಸ್‌ಎಪಿ ಕಂಪನಿಯ ಸಹಸಂಸ್ಥಾಪಕ ಡೀಟ್ಮಾರ್ ಹೋಪ್‌ನ ತಾಯಿಯನ್ನು ಎಳೆದು ತಂದ ಬೈಗುಳ ಇತ್ತು. ಹೊಲಸು ಬೈಗುಳವೇ, ಸಮರ್ಥಿಸುವುದಿಲ್ಲ. ರೆಫರಿ ಆಟ ನಿಲ್ಲಿಸಿದ. ಎರಡು ಸಲ ನಿಲ್ಲಿಸಿದ. ತಂಡಗಳನ್ನು ಒಳಗೆ ಕಳಿಸಿದ. ಬಯರ್ನ್‌ನ ಮುಖ್ಯಸ್ಥ ಕಾರ್ಲ್ ಹೈನ್ಸ್ ರುಮೆನಿಗೆ ಬಂದು ಹೋಪ್ ಪಕ್ಕದಲ್ಲಿ ನಿಂತ. ಮರಳಿ ಬಂದ ಎರಡೂ ತಂಡಗಳು ಉಳಿದ 13 ನಿಮಿಷ ಗೋಲಿನ ಕಡೆ ಹೋಗದೆ, ಕೋಟ್ಯಧಿಪತಿಯ ಮಾನಕ್ಕಾಗಿ ಚೆಂಡನ್ನು ತಮ್ಮತಮ್ಮಲ್ಲೇ ಅತ್ತಿತ್ತ ತಳ್ಳುತ್ತ ಕಾಲ ಕಳೆದವು. ಶಾಲ್ಕೆಯಲ್ಲಿ ತೊರುನಾರಿಘಾನಿಗಾಗಿ ಪಂದ್ಯ ನಿಂತಿರಲಿಲ್ಲ. ಅವನಿಗೆ ಸಿಕ್ಕದ್ದು ಕೆಂಪು ಕಾರ್ಡು.